ಕಿವಿಯಿಂದ ಓದಿದ ವರ್ಷ

ಕಳೆದ ವರ್ಷ ನಾನು ನಾಲ್ಕು ಪುಸ್ತಕ ಮುಗಿಸಿದೆ. ಒಂದು ಇಂಗ್ಲಿಷ್ ಕಾದಂಬರಿ, ಒಂದು ಕನ್ನಡ ಕಾದಂಬರಿ, ಎರಡು ಆತ್ಮಕಥನ. ನಾಲ್ಕರಲ್ಲಿ ಒಂದನ್ನೂ ನನ್ನ ಕಣ್ಣಿನಿಂದ ಪೂರ್ತಿ ಓದಲಿಲ್ಲ.

ನಮ್ಮದು ಆರು ಹೆಂಗಸರ ಓದುಗರ ಗುಂಪು. ಇಂಗ್ಲೆಂಡಿನ ಲೀಡ್ಸ್, ಹಡರ್ಸ್‌ಫೀಲ್ಡ್, ಸಾಲ್ಫರ್ಡ್ ಕಡೆ ಇರುವವರು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಾವು ಓದಿದ್ದರ ಬಗ್ಗೆ ನಾಲ್ಕು ಪುಟ ಬರೆಯಬೇಕು ಎನ್ನುವುದು ಗುಂಪಿನ ಹಿರಿಯಳಾದ ವನಜಕ್ಕನ ನಿಯಮ. ಇದು ನನ್ನ ಪಾಲಿನದು. ಪುಸ್ತಕಗಳ ಬಗ್ಗೆ ಬರೆಯೋಣವೆಂದು ಕೂತರೆ ಕಣ್ಣೇ ಮುಂದೆ ಬರುತ್ತದೆ. ತಡೆಯಲು ಹೋಗಿಲ್ಲ. ಕಣ್ಣಿನ ಆಪರೇಷನ್ ಆಗಿ ಎಲ್ಲೋ ಒಬ್ಬರು ಮುಖ ಕೆಳಗೆ ಹಾಕಿ ಮಲಗಿರಬಹುದು, ಇದನ್ನು ಯಾರಾದರೂ ಅವರಿಗೆ ಓದಿ ಹೇಳಬಹುದು ಎಂಬ ಆಸೆಯೂ ಇದೆ.

ನನ್ನ ಬಲಗಣ್ಣು ಹುಟ್ಟಿನಿಂದಲೂ ಸೋಮಾರಿ. ಮನುಷ್ಯರು, ಬಾಗಿಲು, ಬಸ್ಸು ಕಾಣುತ್ತವೆ. ಅಕ್ಷರ ಕಾಣುವುದಿಲ್ಲ. ಮೈಸೂರಿನ ಶಾಲೆಯಿಂದ ಹಿಡಿದು ಬರ್ಚ್‌ವುಡ್‌ನ ಆಫೀಸಿನವರೆಗೆ ಐವತ್ತೊಂದನೇ ವಯಸ್ಸಿನ ತನಕ ನಾನು ಓದಿದ್ದೆಲ್ಲ ಎಡಗಣ್ಣೊಂದರಿಂದ. ಅಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅಂದರೆ ದಿನವಿಡೀ ಓದುವುದು.

ಚಳಿಗಾಲದ ಶುರುವಿನಲ್ಲಿ ಆ ಎಡಗಣ್ಣಿನ ಮುಂದೆ ಕರಿ ಚುಕ್ಕೆಗಳು ತೇಲತೊಡಗಿದವು. ಊಟ ಬಡಿಸುತ್ತಾ ಗಂಡನಿಗೆ ಹೇಳಿದೆ. ಶ್ರೀನಾಥ್ ಹಡರ್ಸ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರು. ದಿನಕ್ಕೆ ಮೂವತ್ತು ಜನರ ಕಷ್ಟ ಕೇಳಿ ಬಂದವರು.

"ಫ್ಲೋಟರ್ಸ್ ಕಣೆ. ನಮ್ಮ ವಯಸ್ಸಿಗೆ ಎಲ್ಲರಿಗೂ ಬರುತ್ತೆ. ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗ್ಬಿಡುತ್ತೆ," ಅಂದರು.

"ಮಿಂಚೂ ಹೊಡೆಯತ್ತೆ ರೀ, ಕಣ್ಣಂಚಲ್ಲಿ."

"ನಿದ್ದೆ ಕಮ್ಮಿ ಆಗಿದೆ ನಿಂಗೆ. ರಾತ್ರಿ ಅಷ್ಟು ಓದಬೇಡ ಅಂತ ಎಷ್ಟು ಸಲ ಹೇಳಿದೀನಿ," ಅಂದು ಸಾರು ಹಾಕಿಸಿಕೊಂಡರು.

ಮಿಂಚಿನ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಒಂಬತ್ತು ದಿನ ಕಳೆದವು. ಮಂಗಳವಾರ ಆಫೀಸಿನಲ್ಲಿ ಪರದೆಯ ಕೆಳಗಿನ ಮೂಲೆ ಕಪ್ಪಾಗಿತ್ತು. ಮಾನಿಟರ್ ಕೆಟ್ಟಿರಬೇಕೆಂದು ಅದರ ಬೆನ್ನು ತಟ್ಟಿದೆ. ಕಿಟಕಿಯ ಕಡೆ ತಿರುಗಿದೆ. ಕಪ್ಪು ಮೂಲೆಯೂ ನನ್ನ ಜೊತೆ ತಿರುಗಿತು. ಕಾರ್ ಪಾರ್ಕಿನಲ್ಲಿದ್ದ ವಾಹನಗಳ ಸಾಲು ನೀರಿನೊಳಗೆ ನಿಂತಂತೆ ಡೊಂಕಾಗಿತ್ತು.

ಊಟದ ಬಿಡುವಿನಲ್ಲಿ ಹತ್ತಿರದ ಅಂಗಡಿ ಸಾಲಿನ ಕನ್ನಡಕದವನ ಹತ್ತಿರ ಹೋದೆ. ಒಳಗೆ ಬರುವಾಗ ಹವಾಮಾನದ ಬಗ್ಗೆ ಮಾತಾಡುತ್ತಿದ್ದವನು ಕಣ್ಣೊಳಗೆ ದೀಪ ಬಿಟ್ಟು ನೋಡಿದ ಮೇಲೆ ಪೆನ್ನಿಗೆ ಕೈ ಹಾಕಿದ. ಒಂದು ಪತ್ರ ಬರೆದು ಲಕೋಟೆಗೆ ಹಾಕಿ, ಇವತ್ತೇ, ಈಗಲೇ ಕಣ್ಣಿನ ಆಸ್ಪತ್ರೆಗೆ ಹೋಗಿ, ನೀವು ಕಾರು ಓಡಿಸಬೇಡಿ ಎಂದ. ಕಣ್ಣಿನ ಹಿಂದಿನ ಪೊರೆ, ರೆಟಿನಾ, ಹರಿದು ಗೋಡೆಯಿಂದ ಬಿಟ್ಟುಕೊಂಡಿತ್ತು.

ಶ್ರೀನಾಥರಿಗೆ ಫೋನ್ ಮಾಡಿದೆ. ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ಎತ್ತಿಕೊಂಡರು.

"ಪರದೆ ಇಳಿದ ಹಾಗೆ ಇದೆಯಾ?" ಕೇಳಿದರು.

"ಹೂಂ."

ಅತ್ತ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಅಲ್ಲೇ ಕೂತಿರು. ಬರ್ತೀನಿ," ಅಂದರು.

ಮ್ಯಾಂಚೆಸ್ಟರಿನ ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಐದು ಗಂಟೆ ಕೂತೆವು. ಗಳಿಗೆಗೊಮ್ಮೆ ನರ್ಸ್ ಬಂದು ಕಣ್ಣಿಗೆ ಹನಿ ಹಾಕಿ ಹೋಗುತ್ತಿದ್ದಳು. ಪಾಪೆ ಹಿಗ್ಗಿ, ಎದುರಿನ ಗೋಡೆಯ ದೀಪಗಳೆಲ್ಲ ಚೆಲ್ಲಿದ ಹಾಲಿನಂತೆ ಹರಡಿಕೊಂಡವು. ಚೀಲದಲ್ಲಿ ಗುಂಪಿಗೆಂದು ಓದುತ್ತಿದ್ದ ಕನ್ನಡ ಕಾದಂಬರಿಯಿತ್ತು. ಅಭ್ಯಾಸಬಲದಿಂದ ತೆಗೆದೆ. ಪುಟ ಬಿಳಿಯಾಗಿತ್ತು. ಮುಚ್ಚಿದೆ. ಮತ್ತೆ ತೆರೆದೆ. ಹಾಗೆ ಎಷ್ಟು ಸಲ ಮಾಡಿದೆನೋ, ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಬಿಳಿಯ ಹೆಂಗಸು ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಗಿವ್ ಇಟ್ ಎ ರೆಸ್ಟ್, ಲವ್," ಅಂದಳು. "ಇಟ್ ವೋಂಟ್ ರನ್ ಅವೇ."

ಅವಳ ಹೆಸರು ಜೀನ್. ಎರಡೂ ಕಣ್ಣಿಗೆ ಆಪರೇಷನ್ ಆಗಿತ್ತಂತೆ. ನಿನ್ನ ಹೆಸರನ್ನು ಯಾರಾದರೂ ಕರೆದರೆ ಕೇಳಿಸಿಕೊಂಡು ಹೇಳುತ್ತೇನೆ, ನೀನು ಕಣ್ಣು ಮುಚ್ಚಿಕೋ ಎಂದಳು. ಕೊನೆಗೆ ನರ್ಸ್ ನನ್ನ ಹೆಸರನ್ನು ಗುರುತು ಸಿಗದ ಹಾಗೆ ತಿರುಚಿ ಕರೆದಾಗ ನನಗಿಂತ ಮೊದಲು ಎದ್ದು ನಿಂತವಳು ಜೀನ್. ಇನ್ನೊಂದು ಪಕ್ಕದಲ್ಲಿ ಶ್ರೀನಾಥ್ ಫೋನಿನಲ್ಲಿ ಏನೋ ಓದುತ್ತಿದ್ದರು. ಏನೆಂದು ನಾನು ಕೇಳಲಿಲ್ಲ. ಗಂಡ ಡಾಕ್ಟರಾಗಿದ್ದರೆ ಭಯ ಕಡಿಮೆ ಎಂದು ಜನ ತಿಳಿಯುತ್ತಾರೆ. ಮುಂದೆ ಏನೇನಾಗಬಹುದೆಂದು ಪೂರ್ತಿ ಗೊತ್ತಿದ್ದೂ ಬಾಯಿ ಬಿಡದೆ ಕೂತವರ ಪಕ್ಕ ಕೂರುವುದು ಹೇಗಿರುತ್ತದೆಂದು ಅವರಿಗೆ ಗೊತ್ತಿಲ್ಲ.

ಗುರುವಾರ ಆಪರೇಷನ್. ಎಚ್ಚರವಾಗಿಯೇ ಇದ್ದೆ. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದ್ದರು. ಮುಖದ ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ಒಬ್ಬ ನರ್ಸ್ ಒಂದೂವರೆ ಗಂಟೆ ನನ್ನ ಕೈ ಹಿಡಿದುಕೊಂಡಿದ್ದಳು. ಕೆಮ್ಮು ಬರುವ ಹಾಗಾದರೆ ಒಮ್ಮೆ ಒತ್ತಿ ಎಂದಿದ್ದಳು. ಅವಳ ಮುಖ ನಾನು ನೋಡಲೇ ಇಲ್ಲ. ಅಂಗೈ ಮಾತ್ರ ಗೊತ್ತು, ಒರಟು, ಬೆಚ್ಚಗೆ.

ಕಣ್ಣೊಳಗೆ ಗಾಳಿಯಂಥ ಅನಿಲದ ಗುಳ್ಳೆಯೊಂದನ್ನು ತುಂಬಿ ಕಳಿಸಿದರು. ಗುಳ್ಳೆ ಮೇಲಕ್ಕೇಳುತ್ತದೆ, ಅದು ಪೊರೆಯನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕಾದರೆ ನಾನು ಮುಖ ಕೆಳಗೆ ಮಾಡಿಕೊಂಡಿರಬೇಕು. ಗಂಟೆಗೆ ಐವತ್ತು ನಿಮಿಷ ಕೆಳಗೆ, ಹತ್ತು ನಿಮಿಷ ಬಿಡುವು. ಎರಡು ವಾರ. ಎತ್ತರದಲ್ಲಿ ಗುಳ್ಳೆ ಉಬ್ಬುತ್ತದೆ, ವಿಮಾನ ಹತ್ತಬಾರದೆಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿದರು.

ನಾನು ಕೂತಲ್ಲಿ ಕೂರುವವಳಲ್ಲ. ಫೋನಿನಲ್ಲಿ ಮಾತಾಡುವಾಗಲೂ ಮನೆ ತುಂಬ ಓಡಾಡುವವಳು. ಬಾಡಿಗೆಗೆ ತಂದ ಕುರ್ಚಿಯ ತೂತಿನೊಳಗೆ ಮುಖ ಇಟ್ಟು ಕಾರ್ಪೆಟ್ ನೋಡುತ್ತಾ ಕೂತೆ. ಕಾರ್ಪೆಟ್ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ಯಾರೋ ಪಾತ್ರೆಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುತ್ತಿದ್ದೆ. "ಎಷ್ಟಾಯ್ತು?" ಎಂದು ಕೇಳುತ್ತಿದ್ದೆ.

"ಲೆವೆನ್ ಮಿನಿಟ್ಸ್, ಅಮ್ಮ," ಎನ್ನುತ್ತಿದ್ದಳು ಮಗಳು ಮೈತ್ರಿ. ಹದಿನೇಳರವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಓನ್ಲಿ ಲೆವೆನ್. ಡೋಂಟ್ ಲಿಫ್ಟ್ ಯುವರ್ ಹೆಡ್."

ಮೊದಲ ಪುಸ್ತಕ ಬಂದದ್ದು ಆಗ. ಮೈತ್ರಿ ಲೈಬ್ರರಿಯಿಂದ ಒಂದು ಆತ್ಮಕಥನ ತಂದಳು. ಬೆಟ್ಟ ಹತ್ತುತ್ತಿದ್ದ ಒಬ್ಬಾತ ಬೆನ್ನು ಮುರಿದುಕೊಂಡು, ಮತ್ತೆ ಎದ್ದು ನಿಂತ ಕಥೆ. ಅವಳೇ ಓದಿದಳು, ಚೆನ್ನಾಗಿ, ನಾಟಕದವಳ ಹಾಗೆ. ಮೂರನೇ ಅಧ್ಯಾಯಕ್ಕೆ ಆತ ತನ್ನ ಗಾಯಕ್ಕೆ ಕೃತಜ್ಞನಾಗತೊಡಗಿದ. ಐದನೆಯದರಲ್ಲಿ ನೋವು ಅವನ ಗುರುವಾಯಿತು. ನನಗೆ ಕುರ್ಚಿಯನ್ನು ಒದೆಯಬೇಕೆನ್ನಿಸಿತು.

"ನಿಲ್ಸು ಪುಟ್ಟಿ. ಅವನಿಗೆ ಒಂದ್ಸಲಾನೂ ಕೋಪ ಬರೋದಿಲ್ವಾ?"

"ಹೀ ಗೆಟ್ಸ್ ಎ ಬಿಟ್ ಸ್ಯಾಡ್ ಆನ್ ಪೇಜ್ ನೈಂಟಿ," ಅಂದಳು ಪುಟ ತಿರುವಿ ನೋಡಿ.

ಆದರೂ ಮುಗಿಸಿದೆವು. ಆಗ ಬೈದಷ್ಟು ಈಗ ಬೈಯುವುದಿಲ್ಲ. ಪ್ರತಿ ಅಧ್ಯಾಯದಲ್ಲೂ ಅವನ ಜೊತೆ ಜಗಳವಾಡುತ್ತಾ ಇದ್ದುದರಿಂದ ಮೂರು ದಿನ ಸರಿದುಹೋದವು. ಒಂದು ಪುಸ್ತಕ ಅಷ್ಟಾದರೂ ಮಾಡಿದರೆ ಸಾಕು.

ಕನ್ನಡದ ಕಾದಂಬರಿಯನ್ನು ಓದಿಕೊಡಲು ಮೈತ್ರಿಗೆ ಅಕ್ಷರ ಬಾರದು. ಶ್ರೀನಾಥರಿಗೆ ಕೆಲಸ. ಲೀಡ್ಸಿನಿಂದ ವನಜಕ್ಕ ಅದನ್ನು ಓದಿ ಫೋನಿಗೆ ದನಿ ಕಳಿಸತೊಡಗಿದಳು, ದಿನಕ್ಕೊಂದು ಅಧ್ಯಾಯ. ಆಕೆ ಧಾರವಾಡದವಳು, ನಿವೃತ್ತಳಾದ ಅರಿವಳಿಕೆ ಡಾಕ್ಟರು. ಕಾದಂಬರಿ ನಡೆಯುವುದು ಕರಾವಳಿಯ ಮೀನುಗಾರರ ಕೇರಿಯಲ್ಲಿ. ವನಜಕ್ಕನ ಬಾಯಲ್ಲಿ ಆ ಮೀನುಗಾರರೆಲ್ಲ ಧಾರವಾಡದವರಾದರು. ದೋಣಿ ಮಗುಚುವ ಹೊತ್ತಿನಲ್ಲೂ "ತಡೀಪಾ, ಚಹಾ ಉಕ್ಕಿತು" ಎಂದು ಎದ್ದುಹೋಗುತ್ತಿದ್ದಳು. ಹಿಂದೆ ಒಲೆಯ ಸದ್ದು, ಆಮೇಲೆ ಚಹಾ ಹೀರುವ ಸದ್ದು, ಆಮೇಲೆ ಮತ್ತೆ ಸಮುದ್ರ. ಆ ಕಾದಂಬರಿ ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ನಾನು ಹೇಳಲಾರೆ. ಆದರೆ ಅದರ ಮುಳುಗುವ ದೋಣಿಯ ಅಧ್ಯಾಯವನ್ನು ಮೂರು ಸಲ ಕೇಳಿದ್ದೇನೆ.

ಶ್ರೀನಾಥ್ ಓದಲು ಶುರುಮಾಡಿದ್ದು ಎರಡನೇ ವಾರ, ನಾನು ಕೇಳದೆಯೇ. ಅವರು ಕಥೆ ಪುಸ್ತಕ ಓದುವವರಲ್ಲ. ವೈದ್ಯಕೀಯ ಪತ್ರಿಕೆ, ಕ್ರಿಕೆಟ್ ಸುದ್ದಿ, ಅಷ್ಟೇ. ಸಂಜೆ ಏಳಕ್ಕೆ ಬಂದು, ಕೈಕಾಲು ತೊಳೆದು, ನನ್ನ ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ರಕ್ತ ಪರೀಕ್ಷೆಯ ವರದಿ ಓದುವ ಅದೇ ದನಿ. ಸಂಭಾಷಣೆ ಬಂದರೂ ಏರಿಳಿತವಿಲ್ಲ.

ಅವರು ಮೊದಲು ಎತ್ತಿಕೊಂಡದ್ದು ಎರಡನೆಯ ಆತ್ಮಕಥನ. ನಿಧಾನವಾಗಿ ಕಿವುಡಾದ ಒಬ್ಬ ಸಂಗೀತ ಶಿಕ್ಷಕಿಯದು. ಅದರಲ್ಲಿ ಪಾಠವಿಲ್ಲ, ಗುರುವಿಲ್ಲ. ಆಕೆ ಸಿಡುಕುತ್ತಾಳೆ, ಮಕ್ಕಳ ಮೇಲೆ ಕೂಗುತ್ತಾಳೆ, ಕಿವಿಯ ಯಂತ್ರವನ್ನು ತೊಟ್ಟಿಗೆ ಎಸೆದು ಮತ್ತೆ ತಾನೇ ಹುಡುಕುತ್ತಾಳೆ. ಅವಳನ್ನು ನಾನು ತುಂಬಾ ಹಚ್ಚಿಕೊಂಡೆ. ಒಂದು ಕಡೆ ಅವಳು ಬರೆಯುತ್ತಾಳೆ: ಕಿವಿ ಮಂದವಾಗುತ್ತಿದೆ ಎಂದು ಮೊದಲ ಸಲ ಹೇಳಿದಾಗ ಗಂಡ, ನಿನಗೆ ಗಮನವೇ ಇಲ್ಲ ಎಂದು ನಕ್ಕಿದ್ದ. ಎರಡು ವರ್ಷ ಹಾಗೇ ನಗುತ್ತಿದ್ದ.

ಶ್ರೀನಾಥ್ ಅಲ್ಲಿ ನಿಲ್ಲಿಸಿದರು. ಪುಟ ತಿರುವುವ ಸದ್ದಿಲ್ಲ. ನಾನು ಮುಖ ಕೆಳಗೆ ಹಾಕಿಕೊಂಡೇ ಕಾದೆ. ಅವರ ಮುಖ ನೋಡುವಂತಿರಲಿಲ್ಲ. ಬಹುಶಃ ಅದಕ್ಕೇ ಅವರು ಮಾತಾಡಿದರು.

"ಬೇರೆ ಯಾರಾದ್ರೂ ಮಿಂಚು ಅಂದಿದ್ರೆ ಅವತ್ತೇ ಕಳಿಸ್ತಿದ್ದೆ, ಸುಮಾ. ಎರಡನೇ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ. ನೀನು ಮನೇಲಿ ಹೇಳಿದೆ. ಊಟದ ಹೊತ್ತಲ್ಲಿ. ನಂಗೆ ಅದು ರೋಗಿಯ ಮಾತು ಥರ ಕೇಳಿಸ್ಲೇ ಇಲ್ಲ."

"ಹೆಂಡತಿ ಮಾತು ಥರ ಕೇಳಿಸ್ತು," ಅಂದೆ.

"ಹೌದು."

ಪರವಾಗಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಆ ಒಂಬತ್ತು ದಿನಗಳಲ್ಲಿ ಹರಿದದ್ದು ನನ್ನ ಕಣ್ಣು. "ಮುಂದೆ ಓದಿ," ಅಂದೆ. ಅವರು ಓದಿದರು. ದನಿ ಮಾತ್ರ ವರದಿಯ ದನಿಯಾಗಿ ಉಳಿದಿರಲಿಲ್ಲ.

ಗುಳ್ಳೆ ದಿನದಿನಕ್ಕೆ ಕುಗ್ಗಿತು. ಅದರ ಗೆರೆ ಕಣ್ಣಿನಲ್ಲಿ ಲೋಟದ ನೀರಿನಂತೆ ತುಳುಕುತ್ತಾ ಕೆಳಗಿಳಿಯಿತು. ಮೇಲಿನಿಂದ ಬೆಳಕು ಬಂತು, ಬಾಗಿಲ ಚೌಕಟ್ಟು ಬಂತು, ಮೈತ್ರಿಯ ಹುಬ್ಬು ಬಂತು. ಐದನೇ ವಾರಕ್ಕೆ ಪತ್ರಿಕೆಯ ತಲೆಬರಹ ಓದಿದೆ. ಮನೆಯಲ್ಲಿ ಪಾಯಸ ಮಾಡಿದೆವು. ಅದೇ ವಾರ ಗುಂಪಿನ ಹೊಸ ಪುಸ್ತಕವಾಗಿ ಆ ಇಂಗ್ಲಿಷ್ ಕಾದಂಬರಿ ಬಂತು. ಶ್ರೀನಾಥ್ ಶುರುಮಾಡಿದರು.

ಕಡಲತೀರದ ಸಣ್ಣ ಊರು. ಬಸ್ ನಿಲ್ದಾಣದ ಎದುರು ಅಕ್ಕ ತಂಗಿ ಚಹಾದ ಅಂಗಡಿ ನಡೆಸುತ್ತಾರೆ. ತಂಗಿ ಒಂದು ದಿನ ಜಗಳವಾಡಿ ಬಸ್ಸು ಹತ್ತಿ ಹೋಗುತ್ತಾಳೆ. ಅಕ್ಕ ಮೂವತ್ತು ವರ್ಷ ಅದೇ ಕಿಟಕಿಯಲ್ಲಿ ಪ್ರತಿ ಬಸ್ಸಿನಿಂದ ಇಳಿಯುವವರನ್ನು ನೋಡುತ್ತಾ ಚಹಾ ಸೋಸುತ್ತಾಳೆ. ಹೆಚ್ಚೇನೂ ನಡೆಯುವುದಿಲ್ಲ. ಆದರೆ ಒಂದೊಂದು ವಾಕ್ಯವೂ ತೂಗಿ ಇಟ್ಟಂತೆ. ನನಗೆ ಕಾಯುವುದು ಹೊಸದಾಗಿ ಗೊತ್ತಾಗಿದ್ದ ಕಾಲ. ಆ ಅಕ್ಕನ ಕಾಯುವಿಕೆಯಲ್ಲಿದ್ದ ಚಡಪಡಿಕೆ, ಪ್ರತಿ ಬಸ್ಸಿಗೂ ಒಮ್ಮೆ ಏಪ್ರನ್ ಸರಿಮಾಡಿಕೊಳ್ಳುವುದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ಎಲ್ಲ ನನ್ನದೇ ಎನ್ನಿಸಿತು.

ಕೊನೆಯ ಅಧ್ಯಾಯ ಒಂದು ಬಾಕಿಯಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಗಲ್ಲದ ಕೆಳಗೆ ಕಪ್ಪು ನೆರಳು ಕಂಡಿತು. ಒರೆಸಿದೆ. ಹೋಗಲಿಲ್ಲ. ಈ ಸಲ ಶ್ರೀನಾಥ್ ಏನೂ ಕೇಳಲಿಲ್ಲ. ಕಾರಿನ ಕೀಲಿ ತೆಗೆದುಕೊಂಡರು.

ಪೊರೆ ಮತ್ತೆ ಬಿಟ್ಟಿತ್ತು. ಗಾಯ ಮಾಯುವಾಗ ಎದ್ದ ಕಲೆ ಅದನ್ನು ಎಳೆದಿತ್ತು. ಸರ್ಜನ್ ನಿಧಾನವಾಗಿ ಮಾತಾಡುವ ಮನುಷ್ಯ. ಈ ಸಲ ಗಾಳಿಯಲ್ಲ, ಎಣ್ಣೆ ತುಂಬುತ್ತೇವೆ, ಕೆಲವು ತಿಂಗಳ ನಂತರ ತೆಗೆಯುತ್ತೇವೆ, ಎಷ್ಟು ಕಾಣುತ್ತದೆಂದು ಈಗ ಹೇಳಲಾರೆ ಎಂದರು. ಓದಲಾಗುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಬಿಟ್ಟು ಶ್ರೀನಾಥರ ಕಡೆ ನೋಡಿದರು. ಅಷ್ಟು ನನ್ನ ಸೋಮಾರಿ ಕಣ್ಣಿಗೂ ಕಂಡಿತು.

ಎರಡು ದಿನ ಬಿಟ್ಟು ಆಪರೇಷನ್. ಆ ಎರಡು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮೆಟ್ಟಿಲು ಹತ್ತಿ ಇಳಿದೆ. ಬಟ್ಟೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಪುಸ್ತಕದ ಕಪಾಟಿನ ಮುಂದೆ ನಿಂತು ಬೆನ್ನುಗಳನ್ನು ಮುಟ್ಟಿದೆ. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಶ್ರೀನಾಥ್ ರಜೆ ಹಾಕಿ ಬಂದು, "ಆ ಕೊನೇ ಚಾಪ್ಟರ್ ಮುಗಿಸಿಬಿಡೋಣ್ವಾ?" ಎಂದರು. ಬೇಡವೆನ್ನಲು ಹೋದವಳು ಹೂಂ ಅಂದೆ.

ಓದಿದರು. ಅಕ್ಕನಿಗೆ ಕಾಯಿಲೆ, ಆಸ್ಪತ್ರೆಯ ಹಾಸಿಗೆ. ತಂಗಿಗೆ ಸುದ್ದಿ ಮುಟ್ಟಿದೆ, ಬಸ್ಸಿನಲ್ಲಿದ್ದಾಳೆ, ದಾರಿಯಲ್ಲಿ ಹಿಮ. ಆಮೇಲೆ ಕಥೆ ದಿಢೀರನೆ ಮುಗಿಯಿತು. ನಾಲ್ಕು ಹತ್ತರ ಬಸ್ಸು ಬಂತು. ತಂಗಿ ವಾರ್ಡಿಗೆ ಬಂದಳು. ಅಕ್ಕ ಆರಾಮಾಗಿದ್ದಳು. ಇಬ್ಬರೂ ಚಹಾ ಕುಡಿದರು.

"ಅಷ್ಟೇನಾ?" ಕೇಳಿದೆ.

"ಅಷ್ಟೇ," ಅಂದರು. ಪುಸ್ತಕ ಮುಚ್ಚಿದ ಸದ್ದು.

ನನಗೆ ಸಪ್ಪೆಯೆನ್ನಿಸಿತು. ಆದರೆ ಆ ಸಂಜೆ ಒಂದಿಷ್ಟು ಹೊತ್ತು ಮೆಟ್ಟಿಲು ಹತ್ತಿಳಿಯುವುದನ್ನು ನಿಲ್ಲಿಸಿದ್ದೆ ಎಂಬುದೂ ನಿಜ.

ಎರಡನೇ ಆಪರೇಷನ್ ಆಯಿತು. ಮತ್ತೆ ಕುರ್ಚಿ, ಮತ್ತೆ ಕಾರ್ಪೆಟ್. ಎಣ್ಣೆ ತುಂಬಿದ ಕಣ್ಣಿನಲ್ಲಿ ಜಗತ್ತು ಮಂಜು ಹಿಡಿದ ಗಾಜಿನಾಚೆಯದಾಯಿತು. ಆಫೀಸಿಗೆ ದೀರ್ಘ ರಜೆ. ಎರಡು ತಿಂಗಳಾದ ಮೇಲೆ, ನನಗೆ ಓಡಾಟ ಕಷ್ಟವೆಂದು, ಗುಂಪಿನವರೆಲ್ಲ ನಮ್ಮ ಮನೆಗೇ ಬಂದರು. ಅವತ್ತು ಚರ್ಚೆ ನನಗಾಗಿ ಮುಂದೂಡಿದ್ದ ಆ ಇಂಗ್ಲಿಷ್ ಕಾದಂಬರಿಯದು. ಶ್ರೀನಾಥ್ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದರು. ನನ್ನ ಸರದಿ ಬಂತು.

"ಇಡೀ ಪುಸ್ತಕ ಅಷ್ಟು ಚೆನ್ನಾಗಿ ಬರೆದು ಕೊನೇಲಿ ಹಾಳು ಮಾಡಿಬಿಟ್ಟಿದ್ದಾರೆ," ಅಂದೆ. "ಲೇಖಕರಿಗೆ ಸುಸ್ತಾಗಿತ್ತೇನೋ. ಬಸ್ಸು ಬಂತು, ಅಕ್ಕ ಆರಾಮಿದ್ದಾಳೆ, ಚಹಾ ಕುಡಿದರು. ಯಾವುದೋ ಡಾಕ್ಟರು ಬರೆದ ಡಿಸ್‌ಚಾರ್ಜ್ ಪತ್ರದ ಥರ ಇದೆ."

ಎಣ್ಣೆಯ ಚಟಪಟ ಕೇಳಿಸುತ್ತಿತ್ತು.

"ಯಾವ ಪುಸ್ತಕದ್ದು ಹೇಳಾಕತ್ತೀ ಸುಮಾ?" ಅಂದಳು ವನಜಕ್ಕ. "ಬಸ್ ಎಲ್ಲಿ ಬಂತು? ಹಿಮದಾಗ ಸಿಕ್ಕೊಂಡು ಬಿಡ್ತದ. ಅಕ್ಕ ಸಾಯ್ತಾಳಲ್ಲವಾ! ಒಬ್ಬಾಕೀನ. ನಾ ಎರಡು ಸಲ ಓದೇನಿ, ಎರಡೂ ಸಲ ಅತ್ತೇನಿ."

ಆ ಹೊತ್ತಿಗೆ ಶ್ರೀನಾಥ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ನನಗೆ ಕಂಡದ್ದು ಬಾಗಿಲಲ್ಲಿ ಒಂದು ಆಕಾರ ಮಾತ್ರ. ಆ ಆಕಾರ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಯಿತು.

"ಡ್ಯಾಡ್ ಮೇಡ್ ಇಟ್ ಅಪ್," ಅಂದಳು ಮೆಟ್ಟಿಲ ಮೇಲೆ ಕೂತಿದ್ದ ಮೈತ್ರಿ, ಮೆಲ್ಲಗೆ. "ಹೀ ರೋಟ್ ಇಟ್ ಇನ್ ದಿ ಕಾರ್. ಇಟ್ ಟುಕ್ ಹಿಮ್ ಏಜಸ್, ಅಮ್ಮ."

ಹೆಂಗಸರು ನಕ್ಕರು. ಒಬ್ಬರು ಎಷ್ಟು ಚೆಂದ ಅಂದರು. ನಾನೂ ನಕ್ಕೆ. ಅವರೆಲ್ಲ ಹೋದ ಮೇಲೆ ನನಗೆ ಸಿಟ್ಟು ಬಂತು, ಇಡೀ ಕಾಯಿಲೆಯಲ್ಲಿ ಬಾರದಷ್ಟು ಸಿಟ್ಟು. ಚುಕ್ಕೆಗಳು ಏನೂ ಅಲ್ಲ ಎಂದು ನಿರ್ಧರಿಸಿದವರೂ ಇವರೇ, ಅಕ್ಕ ಸಾಯಬಾರದೆಂದು ನಿರ್ಧರಿಸಿದವರೂ ಇವರೇ. ನನ್ನ ಕಣ್ಣು, ನನ್ನ ಪುಸ್ತಕ, ನಡುವೆ ಇವರು. ಪಾತ್ರೆ ತೊಳೆಯುತ್ತಿದ್ದವರ ಬೆನ್ನಿಗೆ ಇದನ್ನೆಲ್ಲ ಹೇಳಿದೆ.

ಅವರು ನಲ್ಲಿ ನಿಲ್ಲಿಸಿದರು.

"ಕೆಟ್ಟ ಸುದ್ದಿ ಹೇಳೋದು ನನ್ನ ದಿನದ ಕೆಲಸ, ಸುಮಾ. ಹೇಗೆ ಹೇಳ್ಬೇಕು ಅಂತ ಚಿಕ್ಕ ಡಾಕ್ಟರುಗಳಿಗೆ ಕಲಿಸ್ತೀನಿ. ಅವತ್ತು ಬೆಳಿಗ್ಗೆ ಆ ಪುಟ ಮೊದಲೇ ಓದಿ ನೋಡ್ದೆ. ನಿಂಗೋಸ್ಕರ ಬದಲಾಯಿಸಿದೆ ಅಂದ್ರೆ ಸುಳ್ಳಾಗುತ್ತೆ. ನೀನು ತಡ್ಕೋತಿದ್ದೆ. ನನ್ನ ಬಾಯಲ್ಲಿ ಅದು ಬರ್ತಿರ್ಲಿಲ್ಲ."

"ಮತ್ತೆ ಓದ್ದೇ ಇರ್ಬೇಕಿತ್ತು."

"ನೀನು ಕೇಳ್ತಾ ಇದ್ದಾಗ ಮಾತ್ರ ಒಂದು ಕಡೆ ಕೂತಿರ್ತಿದ್ದೆ," ಅಂದರು. "ಅದಕ್ಕೇ."

ಆಮೇಲೂ ಎರಡು ವಾರ ಅವರಿಗೆ ಓದಲು ಬಿಡಲಿಲ್ಲ. ಫೋನಿನ ಯಂತ್ರದ ದನಿಯಲ್ಲಿ ಏನೇನೋ ಕೇಳಿದೆ. ಅದು ಯಾವುದನ್ನೂ ಬದಲಾಯಿಸುವುದಿಲ್ಲ, ಚಹಾ ಕುಡಿಯಲು ಏಳುವುದಿಲ್ಲ, ಯಾವ ಪುಟದಲ್ಲೂ ನಿಂತುಹೋಗುವುದಿಲ್ಲ. ಯಾವ ಪುಸ್ತಕವೂ ಮುಗಿಯಲಿಲ್ಲ. ಒಂದು ಸಂಜೆ ನಾನೇ ಅವರ ಕೈಗೆ ಆ ಕಾದಂಬರಿ ಕೊಟ್ಟೆ. "ಕೊನೇ ಅಧ್ಯಾಯ. ಇದ್ದದ್ದು ಇದ್ದ ಹಾಗೆ," ಅಂದೆ.

ಓದಿದರು. ನಡುವೆ ಎರಡು ಕಡೆ ನಿಂತರು. ನಾನು ಕಾದೆ. ಅಕ್ಕ ಸತ್ತಳು. ಬಸ್ಸು ಹಿಮದಲ್ಲೇ ನಿಂತಿತ್ತು, ತಂಗಿ ಕಿಟಕಿಯ ಗಾಜನ್ನು ತೋಳಿನಿಂದ ಒರೆಸುತ್ತಿದ್ದಳು. ಲೇಖಕರು ಅಲ್ಲಿಗೆ ಬಿಟ್ಟಿದ್ದರು. ಅದೇ ಸರಿಯಾದ ಕೊನೆ. ಓದುವವಳಾಗಿ ನನಗೆ ಆ ಬಗ್ಗೆ ಅನುಮಾನವಿಲ್ಲ. ಆದರೆ ಆಪರೇಷನ್ನಿನ ಹಿಂದಿನ ದಿನ ನನಗೆ ಸಿಕ್ಕಿದ್ದು ಇನ್ನೊಂದು. ಕಾರಿನಲ್ಲಿ ಕೂತು, ಕಥೆ ಬರೆದು ಗೊತ್ತಿಲ್ಲದ ಒಬ್ಬ ಡಾಕ್ಟರು, ತನಗೆ ಬರುವ ಒಂದೇ ಭಾಷೆಯಲ್ಲಿ ಬರೆದದ್ದು. ಎರಡನ್ನೂ ಇಟ್ಟುಕೊಂಡಿದ್ದೇನೆ.

ಬೇಸಿಗೆ ಮುಗಿಯುವ ಹೊತ್ತಿಗೆ ಎಣ್ಣೆ ತೆಗೆದರು. ಎಣ್ಣೆಯಿಂದಾಗಿ ಬೆಳೆದಿದ್ದ ಕ್ಯಾಟರಾಕ್ಟನ್ನೂ ತೆಗೆದು ಹೊಸ ಮಸೂರ ಇಟ್ಟರು. ಈಗ ನನಗೆ ದೊಡ್ಡ ಅಕ್ಷರ ಕಾಣುತ್ತದೆ. ಸಾಲುಗಳು ಇನ್ನೂ ನಡುವಿನಲ್ಲಿ ಸ್ವಲ್ಪ ಬಾಗುತ್ತವೆ. ಪುಟಕ್ಕೆ ಆರೇಳು ನಿಮಿಷ, ಅರ್ಧ ಗಂಟೆಗೆ ತಲೆನೋವು. ಕಾರು ಓಡಿಸುವಂತಿಲ್ಲ. ಮನೆಯಿಂದಲೇ, ಪರದೆಯನ್ನು ಹಿಗ್ಗಿಸಿಕೊಂಡು, ಅರ್ಧ ದಿನ ಕೆಲಸ ಮಾಡುತ್ತೇನೆ. ಪೊರೆ ಮತ್ತೆ ಬಿಡಬಹುದು. ಬಿಡದೆಯೂ ಇರಬಹುದು. ಬೆಳಿಗ್ಗೆ ಎದ್ದ ತಕ್ಷಣ ಬಲಗಣ್ಣು ಮುಚ್ಚಿ ಬಾಗಿಲ ಚೌಕಟ್ಟಿನ ನಾಲ್ಕೂ ಮೂಲೆ ನೋಡುತ್ತೇನೆ. ಈ ಭಯ ನನಗೆ ಏನನ್ನೂ ಕಲಿಸಿಲ್ಲ. ಅದು ಮನೆಯಲ್ಲಿರುತ್ತದೆ, ಅಷ್ಟೇ.

ಕಳೆದ ತಿಂಗಳ ತಪಾಸಣೆಗೆ ಶ್ರೀನಾಥ್ ಕರೆದುಕೊಂಡು ಹೋಗಿದ್ದರು. ಒಳಗೆ ಒಬ್ಬಳೇ ಹೋಗುತ್ತೇನೆಂದೆ. ಪೊರೆ ಕೂತಲ್ಲೇ ಕೂತಿದೆ, ನಾಲ್ಕು ತಿಂಗಳು ಬಿಟ್ಟು ಬನ್ನಿ ಎಂದರು ಸರ್ಜನ್. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು. ಕೈ ಅಡ್ಡ ಹಿಡಿದುಕೊಂಡು ಕಾರ್ ಪಾರ್ಕಿಗೆ ಬಂದು, ನಮ್ಮ ಕಾರು ಹುಡುಕಿ, ಬಾಗಿಲು ತೆಗೆದು ಕೂತೆ. ಏನಂದರು ಎಂದು ಕೇಳುತ್ತಾರೆಂದು ಕಾದೆ.

ಕೇಳಲಿಲ್ಲ. ಸ್ಟೀರಿಂಗ್ ಮೇಲೆ ಒಂದು ದಪ್ಪ ಪುಸ್ತಕ ತೆರೆದಿತ್ತು. ಯಾರಿಗೂ ಓದಿಹೇಳಲು ತಂದದ್ದಲ್ಲ. ನನ್ನ ಕಪಾಟಿನಿಂದ ಯಾವಾಗಲೋ ತೆಗೆದುಕೊಂಡಿದ್ದರು. ಪುಟದಿಂದ ಕಣ್ಣೆತ್ತದೆ ಒಂದು ಕೈ ಮೇಲೆತ್ತಿದರು.

"ಎರಡು ನಿಮಿಷ ಇರು ಸುಮಾ. ಎರಡೇ ಪುಟ ಇದೆ."

ಕೂತೆ. ಅವರ ಉಸಿರು ಕೇಳುತ್ತಿತ್ತು. ಕಡೆಯ ಪುಟ ತಿರುವಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಏನಂದ್ರು?" ಎಂದರು.

"ಕೂತಿದೆ ಅಂದ್ರು. ಏನಾಯ್ತು ಕಥೇಲಿ?"

"ಹೇಳಲ್ಲ," ಅಂದರು ಶ್ರೀನಾಥ್. ಪುಸ್ತಕವನ್ನು ಮುಚ್ಚಿ ನನ್ನ ಮಡಿಲಲ್ಲಿಟ್ಟು ಕಾರು ಸ್ಟಾರ್ಟ್ ಮಾಡಿದರು. "ನೀನೇ ಓದ್ಕೋ."